ನಾಸಾರಿಡೇ ಪೆಟ್ಟಿಗೆಯನ್ನು ನಾನು ಮರುಜೋಡಿಸಿದ ಬಗೆ

ತುಮಕೂರಿನ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಬೋಧಿಸುವ ನಾನು ಪ್ರಯೋಗಾಲಯದ ಚಿಪ್ಪುಗಳ ಸಂಗ್ರಹವನ್ನು ಮರುಜೋಡಿಸಲು ಕುಳಿತಾಗ, ಹೆಚ್ಚು ದಿನ ಹಿಡಿದದ್ದು ನಾಸಾರಿಡೇ ಕುಟುಂಬದ ಪುಟ್ಟ ಕಡಲ ಬಸವನಹುಳುಗಳಿಗೆ. ಸತ್ತ ಮೀನು, ಏಡಿಗಳ ವಾಸನೆ ನೀರಿನಲ್ಲಿ ಹರಡಿದೊಡನೆ ಮರಳಿನೊಳಗಿಂದ ಎದ್ದು ಬಂದು ಮುತ್ತುವ ಜೀವಿಗಳಿವು. ಅಧ್ಯಯನ ಪ್ರವಾಸಗಳಲ್ಲಿ ಮಲ್ಪೆ, ಕಾರವಾರಗಳಿಂದ ತಂದವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬೆರೆತುಹೋಗಿದ್ದವು.

ಮೊದಲು ಚಿಪ್ಪನ್ನಷ್ಟೇ ನಂಬಿ ವಿಂಗಡಿಸಿದೆ. ನಾಸಾರಿಯಸ್ ಕುಲದವುಗಳಲ್ಲಿ ಬಾಯಿಯ ಬುಡದ ಕಚ್ಚು ಮತ್ತು ಒಳತುಟಿಯ ಮೇಲೆ ಹರಡಿದ ನುಣುಪಾದ ಪದರ ಮಸೂರದಡಿ ಸ್ಪಷ್ಟವಾಗಿ ಕಂಡವು. ನೀಳವೂ ನುಣುಪೂ ಆದ ಬುಲ್ಲಿಯಾ ಚಿಪ್ಪುಗಳನ್ನು ಬೇರ್ಪಡಿಸುವುದು ಕಷ್ಟವಾಗಲಿಲ್ಲ.

ತಪ್ಪು ಮಾಡಿದ್ದು ನನ್ನ ಮನೆಯಿಂದಲೇ ತಂದ ಚಿಪ್ಪಿನ ವಿಷಯದಲ್ಲಿ. ಕ್ಯಾತ್ಸಂದ್ರದ ಮನೆಯ ಅಕ್ವೇರಿಯಂನಲ್ಲಿ ಬೇಡದ ಬಸವನಹುಳುಗಳು ವಿಪರೀತ ಹೆಚ್ಚಿದ್ದರಿಂದ, ಅವನ್ನು ತಿನ್ನುವ ಅಸಾಸಿನ್ ಸ್ನೇಲ್‌ಗಳನ್ನು ಸಾಕಿದ್ದೆ. ಹಳದಿ–ಕಂದು ಪಟ್ಟೆಗಳ ಈ ಹುಳುಗಳು ಆಗ್ನೇಯ ಏಷ್ಯಾದ ಸಿಹಿನೀರಿನವು. ಹಳೆಯ ಪುಸ್ತಕವನ್ನು ಅನುಸರಿಸಿ, ಸತ್ತದ್ದೊಂದರ ಚಿಪ್ಪಿಗೆ ಬಕ್ಸಿನಿಡೇ ಎಂಬ ಬೇರೊಂದು ಕುಟುಂಬದ ಹೆಸರಿನ ಚೀಟಿ ಅಂಟಿಸಿದ್ದೆ.

ಒಂದು ರಾತ್ರಿ ಒಣಸೀಗಡಿಯ ಚೂರನ್ನು ತೊಟ್ಟಿಗೆ ಹಾಕಿ ನೋಡುತ್ತ ಕುಳಿತೆ. ಕೆಲವೇ ನಿಮಿಷಗಳಲ್ಲಿ ಮರಳು ಮೆಲ್ಲನೆ ಉಬ್ಬಿತು. ಮೊದಲು ಸೈಫನ್ ನಳಿಕೆ ಮಾತ್ರ ಮೇಲೆದ್ದು ಎಡಕ್ಕೂ ಬಲಕ್ಕೂ ಓಲಾಡಿತು, ಆಮೇಲೆ ತಲೆ ಹೊರಬಂದು ನೇರವಾಗಿ ಸೀಗಡಿಯತ್ತ ಸಾಗಿತು. ನಳಿಕೆ ಒಳಗೆಳೆದುಕೊಂಡ ನೀರು ಆಸ್ಫ್ರೇಡಿಯಂ ಎಂಬ ಅಂಗದ ಮೇಲೆ ಹರಿಯುವುದರಿಂದಲೇ ವಾಸನೆ ತಿಳಿಯುತ್ತದೆಂದು ವರ್ಷಗಳಿಂದ ಪಾಠ ಹೇಳಿದ್ದರೂ, ಕಣ್ಣೆದುರು ಕಂಡಾಗ ಆದ ಸಂತೋಷವೇ ಬೇರೆ. ಕಡಲ ನಾಸಾರಿಯಸ್ ಆಹಾರ ಹುಡುಕುವ ರೀತಿಯೂ ಇದೇ ಅಲ್ಲವೇ ಎನಿಸಿ, ಮರುದಿನ ಹೊಸ ಸಂಶೋಧನಾ ಲೇಖನಗಳನ್ನು ಹುಡುಕಿದೆ.

ಡಿಎನ್ಎ ಆಧರಿಸಿ 2016ರಲ್ಲಿ ನಡೆದ ಪರಿಷ್ಕರಣೆಯು ಹಳೆಯ ನಾಸಾರಿಯಸ್ ಕುಲವು ಒಂದೇ ವಂಶದ್ದಲ್ಲವೆಂದು ತೋರಿಸಿ, ಯುರೋಪಿನ ತೀರದ ಹಲವು ಪ್ರಭೇದಗಳನ್ನು ಟ್ರಿಷಿಯಾ ಕುಲಕ್ಕೆ ಸೇರಿಸಿದೆ. 2017ರ ಇನ್ನೊಂದು ಅಧ್ಯಯನವು ಅಸಾಸಿನ್ ಸ್ನೇಲ್ ನಾಸಾರಿಡೇ ಕುಟುಂಬದ್ದೆಂದು ದೃಢಪಡಿಸಿ, ಅದಕ್ಕೆ ಅನೆಂಟೋಮಿನೇ ಎಂಬ ಉಪಕುಟುಂಬವನ್ನೇ ರಚಿಸಿದೆ; ಈ ಹುಳುವಿನ ಪ್ರಭೇದದ ಹೆಸರಾದ ಹೆಲೆನಾ ಎಂಬ ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ಪ್ರಭೇದಗಳಿರುವುದೂ ಅದರಿಂದ ತಿಳಿಯಿತು.

ಆದ್ದರಿಂದ ಹಳೆಯ ಚೀಟಿ ಕಿತ್ತು, ಕುಲದ ಹೆಸರನ್ನು ಮುಂದಿಟ್ಟು ‘ಅನೆಂಟೋಮೆ, ಹೆಲೆನಾ ಗುಂಪು’ ಎಂದಷ್ಟೇ ಬರೆದೆ. ಮಲ್ಪೆಯ ಸವೆದ ಚಿಪ್ಪುಗಳಿಗೆ ಪ್ರಭೇದದ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಸಿಕ್ಕ ಊರನ್ನೂ ದಿನಾಂಕವನ್ನೂ ಪೆನ್ಸಿಲಿನಲ್ಲಿ ನಮೂದಿಸಿದ್ದೇನೆ.