ಅಂಗೈಯಗಲದ ಹಾಳೆಗೆ ಅಗಲ ಕುಂಚ: ಅಕ್ರಿಲಿಕ್‌ನಲ್ಲಿ ಸಡಿಲ ಶೈಲಿ

ಸಣ್ಣ ಚಿತ್ರವೆಂದೊಡನೆ ಹೆಚ್ಚಿನವರ ಕೈ ಸಣ್ಣ ಕುಂಚದತ್ತ ಹೋಗುತ್ತದೆ. ಅಲ್ಲಿಂದಾಚೆಗೆ ಒಂದೊಂದು ಎಲೆಯನ್ನೂ ತಿದ್ದಿ ತೀಡುವುದರಲ್ಲೇ ಹೊತ್ತು ಕಳೆದು, ಕೊನೆಗೆ ಉಳಿಯುವುದು ಬಿಗಿದುಕೊಂಡ ಕುಸುರಿ ಮಾತ್ರ. ಬಿಡಿಸುವಾಗ ಕೈ ಸಡಿಲವಾಗಬೇಕಾದರೆ ಕುಂಚ, ಛಾಯೆ ಮತ್ತು ಬಣ್ಣದ ಪ್ರಮಾಣ ಈ ಮೂರನ್ನೂ ಮೊದಲೇ ತೀರ್ಮಾನಿಸಿಕೊಂಡಿರಬೇಕು.

ಮೊದಲು ಹಾಳೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಜಲವರ್ಣದ ಹಾಳೆಯನ್ನು 10×15 ಸೆಂ.ಮೀ. ಅಳತೆಗೆ ಕತ್ತರಿಸಿ, ನಾಲ್ಕು ತುಂಡುಗಳನ್ನು ಒಂದೇ ಹಲಗೆಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ, ಗೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ತಳಲೇಪ) ಬಳಿದು ಒಣಗಿಸಿ. ಅದರ ಮೇಲೆ ಯೆಲ್ಲೊ ಓಕರ್ ಎಂಬ ಮಣ್ಣುಹಳದಿ ಬಣ್ಣವನ್ನು ತೆಳುವಾಗಿ ಬಳಿಯುವುದನ್ನು ಮಾತ್ರ ತಪ್ಪಿಸಬೇಡಿ. ಬಿಳಿ ಹಾಳೆಯಲ್ಲಿ ಕುಂಚ ಬಿಟ್ಟ ಜಾಗ ತೂತಿನಂತೆ ಕಾಣುತ್ತದೆ, ಬಣ್ಣದ ತಳವಿದ್ದರೆ ಅದೇ ಜಾಗ ಚಿತ್ರದ ಭಾಗವಾಗುತ್ತದೆ.

ಕುಂಚ ಚಪ್ಪಟೆಯದಾಗಿರಲಿ, ಅಗಲ ಕನಿಷ್ಠ ಅರ್ಧ ಇಂಚು. ಉಳಿದ ಸಣ್ಣ ಕುಂಚಗಳನ್ನು ಕೈಗೆಟುಕದಂತೆ ಎತ್ತಿಡಿ.

ಬಣ್ಣಗಳು ನಾಲ್ಕು ಸಾಕು: ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನಾ, ಯೆಲ್ಲೊ ಓಕರ್, ಟೈಟಾನಿಯಂ ವೈಟ್. ಕರಕುಶಲ ಕೆಲಸಕ್ಕೆಂದು ಮಾರುವ ಅಗ್ಗದ ಬಾಟಲಿ ಬಣ್ಣಗಳಲ್ಲಿ ವರ್ಣದ್ರವ್ಯ ಕಡಿಮೆಯಿರುವುದರಿಂದ, ಅವು ಒಂದೇ ಬಳಿತದಲ್ಲಿ ತಳವನ್ನು ಮುಚ್ಚುವುದಿಲ್ಲ. ಈ ಶೈಲಿಗೆ ಅವು ದಂಡ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಒಂದು ಮಣ್ಣಿನ ಕುಂಡವನ್ನು ಎದುರಿಗಿಟ್ಟುಕೊಂಡಿದ್ದೀರಿ ಎಂದುಕೊಳ್ಳಿ. ಕಣ್ಣನ್ನು ಅರೆಮುಚ್ಚಿ ನೋಡಿದರೆ ವಿವರಗಳೆಲ್ಲ ಅಳಿದು ಬೆಳಕು, ನಡುಛಾಯೆ, ನೆರಳು ಎಂಬ ಮೂರು ಆಕಾರಗಳಷ್ಟೇ ಉಳಿಯುತ್ತವೆ. ಅನುಮಾನವಿದ್ದರೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಈ ಮೂರಕ್ಕೂ ಮೂರು ಗುಡ್ಡೆ ಬಣ್ಣವನ್ನು, ಬೇಕೆನಿಸಿದ್ದಕ್ಕಿಂತ ಎರಡರಷ್ಟು, ಕುಂಚವನ್ನು ಹಾಳೆಗೆ ತಾಗಿಸುವ ಮೊದಲೇ ಬೆರೆಸಿಕೊಳ್ಳಿ. ತೆಳುವಾಗಿ ಬಳಿದ ಅಕ್ರಿಲಿಕ್ ಕೆಲವೇ ನಿಮಿಷಗಳಲ್ಲಿ ಒಣಗುವುದರಿಂದ, ನಡುವೆ ಬಣ್ಣ ಮುಗಿದು ಮತ್ತೆ ಬೆರೆಸುವಷ್ಟರಲ್ಲಿ ಮೊದಲಿನ ಬಳಿತ ಆರಿ, ಹೊಸದು ಅದಕ್ಕೆ ಹೊಂದುವುದೇ ಇಲ್ಲ. ಹಸಿಯಿದ್ದಾಗ ಹಾಲಿನಂತಿರುವ ಅಂಟು ಒಣಗಿ ಪಾರದರ್ಶಕವಾದಾಗ ಬಣ್ಣ ತುಸು ಗಾಢವಾಗುತ್ತದೆ. ಆದ್ದರಿಂದ ಅದೇ ಹಾಳೆಯ ಚೂರೊಂದರ ಮೇಲೆ ಬಳಿದು, ಒಣಗಿಸಿ ನೋಡಿ.

ಈಗ ಕುಂಚವನ್ನು ಹಿಡಿಕೆಯ ತುದಿಯಲ್ಲಿ ಹಿಡಿದು, ಧಾರಾಳವಾಗಿ ಬಣ್ಣ ತುಂಬಿಕೊಂಡು, ಕುಂಡದ ನೆರಳಿನ ಬದಿಯನ್ನು ಮೂರು ನಾಲ್ಕು ಎಳೆತಗಳಲ್ಲಿ ಮುಗಿಸಿ. ಎಳೆದ ಮೇಲೆ ಕುಂಚ ಎತ್ತಿ, ಮತ್ತೆ ಅಲ್ಲಿಗೆ ಹೋಗಬೇಡಿ. ಅರೆ ಒಣಗಿದ ಪದರವನ್ನು ಸವರಿದರೆ ಅದು ಚಕ್ಕೆಯಾಗಿ ಕಿತ್ತುಬಂದು ಕೆಳಗಿನ ತಳ ಕಾಣಿಸಿಕೊಳ್ಳುತ್ತದೆ. ತಪ್ಪಿದ್ದರೂ ಪೂರ್ತಿ ಒಣಗುವವರೆಗೆ ಸುಮ್ಮನಿದ್ದು, ಮೇಲೆ ಹೊಸ ಎಳೆತ ಹಾಕಿ. ಒಣಗಿದ ಅಕ್ರಿಲಿಕ್ ನೀರಿನಲ್ಲಿ ಕರಗದು ಎಂಬುದೇ ಈ ಮಾಧ್ಯಮ ಕೊಡುವ ಸಲಿಗೆ.

ಅಂಚುಗಳ ವಿಷಯದಲ್ಲಿ ಜಿಪುಣರಾಗಿ. ಬೆಳಕು ಬಿದ್ದ ಕಡೆಯ ಬಾಯಂಚು ಚೂಪಾಗಿದ್ದರೆ ಸಾಕು. ನೆರಳಿನ ಬದಿಯ ಅಂಚನ್ನು, ಬಣ್ಣ ಹಸಿಯಿರುವಾಗಲೇ, ನೀರು ಹಿಂಡಿದ ಶುಭ್ರ ಕುಂಚದಿಂದ ಒಮ್ಮೆ ಸವರಿ ಹಿನ್ನೆಲೆಯೊಳಗೆ ಕರಗಿಸಿಬಿಡಿ. ಎಲ್ಲ ಅಂಚುಗಳೂ ಚೂಪಾಗಿದ್ದರೆ ಕುಂಡ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಒಣಗುವುದನ್ನು ತಡೆಯಲು ರಿಟಾರ್ಡರ್ ಸುರಿಯುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಹೆಚ್ಚಾದರೆ ಪದರ ಅಂಟಂಟಾಗಿಯೇ ಉಳಿಯುತ್ತದೆ. ನೀರು ಹೆಚ್ಚಾದರೆ ಪದರದ ಹಿಡಿತವೇ ಸಡಿಲವಾಗುತ್ತದೆ. ಒದ್ದೆ ಸ್ಪಂಜಿನ ಮೇಲೆ ಬೇಕಿಂಗ್ ಪೇಪರ್ ಹಾಸಿ ಪ್ಯಾಲೆಟ್ ಮಾಡಿಕೊಂಡರೆ ಬಣ್ಣ ಗಂಟೆಗಟ್ಟಲೆ ಹಸಿಯಿರುತ್ತದೆ. ಪದರಗಳ ನಡುವೆ ಹೇರ್ ಡ್ರೈಯರ್ ಬಳಸುವುದಕ್ಕೆ ಅಡ್ಡಿಯಿಲ್ಲ.

ಕೊನೆಯಲ್ಲಿ ಬಿಳಿ ಬೆರೆಸಿದ ದಪ್ಪ ಬಣ್ಣದಿಂದ ಬಾಯಂಚಿನ ಮೇಲೆ ಒಂದೆರಡು ಹೊಳಪು ಇಟ್ಟು ನಿಲ್ಲಿಸಿ, ಪಕ್ಕದ ಹಾಳೆಯಲ್ಲಿ ಅದೇ ಕುಂಡವನ್ನು ಇನ್ನೂ ಕಡಿಮೆ ಎಳೆತಗಳಲ್ಲಿ ಬಿಡಿಸಿ. ಹಾಳೆ ಬದಲಿಸುವಾಗ ಕುಂಚ ನೀರಿನಲ್ಲಿ ಅದ್ದಿರಲಿ, ಆದರೆ ಎಳೆಗಳು ಡಬ್ಬಿಯ ತಳಕ್ಕೆ ಒತ್ತಿ ಬಾಗದಂತೆ ಮಲಗಿಸಿಡಿ. ಎಳೆಗಳ ಬುಡದಲ್ಲಿ ಒಮ್ಮೆ ಒಣಗಿದ ಬಣ್ಣ ಸೋಪಿಗೂ ಬಗ್ಗುವುದಿಲ್ಲ.