ಬಣ್ಣದ ನೀರಿಗೆ ಬಿಟ್ಟ ವಾಟರ್ ಹಯಸಿಂತ್ ಸಾಯುತ್ತಿದ್ದರೆ

ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ (ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆಯುವ ಬಗೆ) ಹಾಕುವ ಸಣ್ಣ ಘಟಕದ ತೊಟ್ಟಿ. ಉಳಿದ ನೀರಿನ ಬಣ್ಣ ತೆಗೆಯಲೆಂದು ಅದಕ್ಕೆ ವಾಟರ್ ಹಯಸಿಂತ್ ಎಂಬ ತೇಲುವ ಕಳೆಗಿಡ ಬಿಟ್ಟಿದ್ದರು. ಗಿಡ ಬಿಟ್ಟ ಎರಡು-ಮೂರು ದಿನಕ್ಕೇ ಎಲೆಯಂಚು ಸುಟ್ಟಂತಾಗಿ, ಬೇರು ಲೋಳೆಯಾಗಿ ಕಳಚುತ್ತಿತ್ತು. ನೀರಿನ ಕೆಂಪು ಮಾತ್ರ ಹಾಗೇ.

ಗಿಡ ಇಮ್ಮಡಿ ಮಾಡಿದ್ದು ದಂಡ. ಕೊಳೆತು ನಾತ ಬಂತಷ್ಟೇ. ಪಟಿಕಕ್ಕೆ ಕೆಸರು ಇಳಿಯಿತು, ಕರಗಿದ ಬಣ್ಣ ಇಳಿಯಲಿಲ್ಲ. ಬ್ಲೀಚಿಂಗ್ ಪೌಡರ್ ಬಣ್ಣ ತೆಗೆಯಿತು, ಜೊತೆಗೆ ಗಿಡವನ್ನೂ.

ಗಿಡ ಕೊಲ್ಲುತ್ತಿದ್ದುದು ಬಣ್ಣದ ಜೊತೆಗಿನ ಉಪ್ಪು ಮತ್ತು ವಾಷಿಂಗ್ ಸೋಡಾ. ಗಾಢ ಬಣ್ಣ ಹಾಕಿದ ಮೊದಲ ನೀರಿನಲ್ಲಿ ಲೀಟರಿಗೆ 40–60 ಗ್ರಾಂ ಉಪ್ಪಿರುತ್ತದೆ, ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಅಂದರೆ ಸಮ) 10ರ ಮೇಲೆ. ಅದನ್ನು ಬೇರೆ ಪೈಪಿನಲ್ಲಿ, ಬಿಸಿಲಿಗೆ ಆವಿಯಾಗುವ ತೊಟ್ಟಿಗೆ ತಿರುಗಿಸಿ. ಗಿಡಕ್ಕೆ ನೂಲು ತೊಳೆದ ನಂತರದ ನೀರು ಮಾತ್ರ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 2000 ಪಿಪಿಎಂ (ಲೀಟರಿಗೆ ಸುಮಾರು 2 ಗ್ರಾಂ) ದಾಟಿದರೆ ಸಿಹಿನೀರು ಬೆರೆಸಿ.

ಆಮೇಲೆ ಸಿಟ್ರಿಕ್ ಆಮ್ಲ ಕರಗಿಸಿ, ಸ್ವಲ್ಪಸ್ವಲ್ಪವೇ ಹಾಕಿ ಕಲಕುತ್ತ ಪಿಎಚ್ 7ಕ್ಕೆ ತನ್ನಿ. ಗಂಧಕಾಮ್ಲ ಅಗ್ಗ, ಆದರೆ ಕೈಗವಸು, ಕನ್ನಡಕ ಇಲ್ಲದ ಕಡೆ ಬೇಡ. ಎಡವುವುದು ಇಲ್ಲೇ: ಸೋಡಾದ ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ರಾತ್ರಿಯಲ್ಲಿ ಪಿಎಚ್ ಮತ್ತೆ ಏರುತ್ತದೆ. ಬೆಳಗ್ಗೆ ಇನ್ನೊಮ್ಮೆ ಅಳೆದು ಸರಿಮಾಡಿಯೇ ಗಿಡ ಬಿಡಿ.

ನೀರು ಒಂದೂವರೆ ಅಡಿ ಸಾಕು. ಬೇರಿಗೆ ಸಿಗದ ನೀರಿನ ಬಣ್ಣ ಹೋಗದು. ಮುಕ್ಕಾಲು ಭಾಗ ಗಿಡ ಮುಚ್ಚಿರಲಿ, ನೀರನ್ನು ಒಂದು ವಾರ ಹಾಗೇ ನಿಲ್ಲಿಸಿ. ರಿಯಾಕ್ಟಿವ್ ಬಣ್ಣ ನಿಧಾನವೇ. ಬೇಸಿಕ್ ಬಣ್ಣಗಳು (ಧನ ವಿದ್ಯುದಂಶವಿರುವ ಬೇರೆ ಬಗೆ) ಬೇರಿಗೆ ಬೇಗ ಅಂಟುತ್ತವೆ. ಬೇರು ಕಪ್ಪಾದ ಗಿಡ ತೆಗೆದು ಹೊಸದು ಬಿಡಿ. ತೆಗೆದದ್ದು ದನಕ್ಕೂ ಬೇಡ, ಗೊಬ್ಬರದ ಗುಂಡಿಗೂ ಬೇಡ, ಕೆರೆಗಂತೂ ಬೇಡವೇ ಬೇಡ.