ಸೈನಿಕನ ಮನೆಯವರು ಸೇವಾ ದಾಖಲೆಗಳನ್ನು ಸರಿಯಾಗಿಟ್ಟುಕೊಳ್ಳುವ ಬಗೆ

ಮಗನೋ ಗಂಡನೋ ಭೂಸೇನೆಯಲ್ಲಿದ್ದಾನೆ ಎಂದರೆ ಅವನ ಸಂಬಳ ಎಷ್ಟು, ಮುಂದಿನ ರಜೆ ಯಾವಾಗ ಎಂಬುದು ಮನೆಯವರಿಗೆ ಗೊತ್ತಿರುತ್ತದೆ. ಆದರೆ ಅವನ ಹೆಸರಿನಲ್ಲಿ ಸೇನೆ ಇಟ್ಟಿರುವ ದಾಖಲೆಯಲ್ಲಿ ತಮ್ಮ ಬಗ್ಗೆ ಏನು ಬರೆದಿದೆ ಎಂಬುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ. ಊರಿಗೆ ಊರೇ ಬಂದು ಉಂಡುಹೋದ ಮದುವೆಯಾದರೂ ಅದು ಯುನಿಟ್ಟಿನ ಪಾರ್ಟ್ ಟು ಆರ್ಡರ್ ಎಂಬ ಆದೇಶಪಟ್ಟಿಯಲ್ಲಿ ಪ್ರಕಟವಾಗುವ ತನಕ ಸೇನೆಯ ಲೆಕ್ಕದಲ್ಲಿ ಆ ಸಿಪಾಯಿ ಅವಿವಾಹಿತನೇ. ಸಿಪಾಯಿಯಿಂದ ಸುಬೇದಾರ್ ಮೇಜರ್ ವರೆಗಿನ ದರ್ಜೆಯವರ ಕುಟುಂಬಗಳು ಯಾವ ಕಾಗದವನ್ನು ಯಾವಾಗ ಮಾಡಿಸಬೇಕು, ಎಲ್ಲಿ ಎಡವುವ ಸಂಭವ ಹೆಚ್ಚು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಅಧಿಕಾರಿಗಳ ದಾಖಲೆಯ ಕ್ರಮ ಬೇರೆಯಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ಮದುವೆ, ಮಗುವಿನ ಜನನ, ಅವಲಂಬಿತರ ಮರಣ, ಹೊಸದಾಗಿ ಪಡೆದ ವಿದ್ಯಾರ್ಹತೆ, ರಜೆ, ಬಡ್ತಿ ಮುಂತಾದ ಪ್ರತಿಯೊಂದು ಬದಲಾವಣೆಯನ್ನೂ ಯುನಿಟ್ ತನ್ನ ಪಾರ್ಟ್ ಟು ಆರ್ಡರಿನಲ್ಲಿ ಕ್ರಮಸಂಖ್ಯೆ ಮತ್ತು ದಿನಾಂಕ ಹಾಕಿ ಪ್ರಕಟಿಸುತ್ತದೆ. ಅದರ ಆಧಾರದ ಮೇಲೆ ಸಿಪಾಯಿಯ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸು ಅವನ ಸೇವಾ ವಿವರಗಳಿರುವ ಶೀಟ್ ರೋಲನ್ನು ತಿದ್ದುತ್ತದೆ, ಸಂಬಳದ ಲೆಕ್ಕ ನೋಡುವ ಪಿಎಓ ಕಚೇರಿ ಭತ್ಯೆಗಳನ್ನು ಸರಿಪಡಿಸುತ್ತದೆ. ರೆಕಾರ್ಡ್ ಆಫೀಸು ಎಲ್ಲಿದೆ ಎಂಬುದು ಅವನು ಸೇರಿದ ರೆಜಿಮೆಂಟನ್ನು ಅವಲಂಬಿಸಿದೆಯೇ ಹೊರತು ಅವನು ಈಗ ಕೆಲಸ ಮಾಡುತ್ತಿರುವ ಜಾಗವನ್ನಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಅದು ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲಿಂಗ್ಟನ್ನಿನಲ್ಲಿ, ಆರ್ಟಿಲರಿಯವರಿಗೆ ನಾಸಿಕದಲ್ಲಿ, ಸಿಗ್ನಲ್ಸ್‌ನವರಿಗೆ ಜಬಲ್ಪುರದಲ್ಲಿ ಇದೆ. ಮನೆಯಲ್ಲಿ ಒಂದು ಹಾಳೆಯ ಮೇಲೆ ಅವನ ಆರ್ಮಿ ನಂಬರ್, ದರ್ಜೆ, ದಾಖಲೆಯಲ್ಲಿರುವಂತೆಯೇ ಪೂರ್ಣ ಹೆಸರು, ಯುನಿಟ್ ಮತ್ತು ರೆಕಾರ್ಡ್ ಆಫೀಸಿನ ವಿಳಾಸ ಬರೆದಿಡುವುದು ಮೊದಲ ಕೆಲಸ. ಆರ್ಮಿ ನಂಬರ್ ಇಲ್ಲದ ಪತ್ರಕ್ಕೆ ಯಾವ ಕಚೇರಿಯೂ ಉತ್ತರ ಕೊಡಲಾರದು.

ಮದುವೆಯ ಕಾಗದವನ್ನು ಮದುವೆಯ ರಜೆಯಲ್ಲಿಯೇ ಮುಗಿಸಿಕೊಳ್ಳುವುದು ಉತ್ತಮ. ಮುಂದಿನ ರಜೆಗೆ ಎಂದು ಬಿಟ್ಟರೆ ಆ ರಜೆ ಹೊಲದ ಕೆಲಸಕ್ಕೋ ತಂಗಿಯ ಮದುವೆಗೋ ಹೋಗಿಬಿಡುತ್ತದೆ. ಕರ್ನಾಟಕದಲ್ಲಿ 1976ರ ವಿವಾಹ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಅದರ ಜೊತೆಗೆ ದಂಪತಿಗಳ ಜಂಟಿ ಭಾವಚಿತ್ರ, ಪತ್ನಿಯ ಆಧಾರ್, ಆಕೆಯ ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಇವುಗಳ ಎರಡೆರಡು ಪ್ರತಿಗಳನ್ನು ಅವನ ಕೈಯಲ್ಲಿಯೇ ಕಳುಹಿಸಿಕೊಟ್ಟು, ಅವನು ಕಂಪನಿಯ ಕ್ಲರ್ಕಿಗೆ ಒಪ್ಪಿಸಿದ ಮೇಲೆ ಆರ್ಡರ್ ಪ್ರಕಟವಾಯಿತೇ ಎಂದು ವಿಚಾರಿಸಬೇಕು. ಪ್ರಕಟವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ ಮೇಲಿನ ಕಚೇರಿ ಅದನ್ನು ಆಕ್ಷೇಪಣೆ ಹಾಕಿ ಹಿಂದಿರುಗಿಸಬಹುದು. ಸೇನೆಯ ಹಮ್‌ರಾಜ್ ಆ್ಯಪಿನಲ್ಲಿ ಸಿಪಾಯಿಯೇ ತನ್ನ ಪೇ ಸ್ಲಿಪ್ ಮತ್ತು ಆರ್ಡರುಗಳನ್ನು ನೋಡಿಕೊಳ್ಳಬಹುದಾದ್ದರಿಂದ, ಆರ್ಡರಿನ ಸಂಖ್ಯೆ ಮತ್ತು ದಿನಾಂಕವನ್ನು ಕೇಳಿ ಮನೆಯ ಹಾಳೆಯಲ್ಲಿ ಬರೆದುಕೊಳ್ಳಿ. ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಕ್ಕೆ ಸೇರಿದ ಅಗ್ನಿವೀರರ ವಿಷಯ ಬೇರೆ: ಆ ಅವಧಿಯಲ್ಲಿ ಅವರು ಮದುವೆಯಾಗುವಂತಿಲ್ಲ. ಹೆಣ್ಣು ನೋಡಿಟ್ಟಿದ್ದೇವೆ ಎಂದು ಹಿರಿಯರು ಎಷ್ಟೇ ಅವಸರ ಮಾಡಿದರೂ ಈ ನಿಯಮವನ್ನು ಮೀರಬಾರದು.

ನಮ್ಮ ನಾಡಿನ ಕುಟುಂಬಗಳಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹೆಸರು. ಹಳೇ ಮೈಸೂರಿನ ಕಡೆ ಹೆಸರಿನ ಜೊತೆಗೆ ಇನಿಷಿಯಲ್ ಮಾತ್ರ ಇರುತ್ತದೆ, ಉತ್ತರ ಕರ್ನಾಟಕದಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು ಎರಡೂ ಇರುತ್ತವೆ. ಭರ್ತಿಯ ದಿನ ಅಂಕಪಟ್ಟಿಯಲ್ಲಿದ್ದಂತೆ ಒಂದು ರೂಪ ದಾಖಲಾಗಿ, ಆಧಾರಿನಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು, ತಾಯಿಯ ಬ್ಯಾಂಕ್ ಪುಸ್ತಕದಲ್ಲಿ ಮಗದೊಂದು ಇರುವುದು ಅಪರೂಪವೇನಲ್ಲ. ರಕ್ಷಣಾ ಪಿಂಚಣಿಗಳು ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಬರುವುದರಿಂದ ಇಂಥ ವ್ಯತ್ಯಾಸಗಳು ಮೊದಲಿಗಿಂತ ಬೇಗ ಎದ್ದು ಕಾಣುತ್ತವೆ. ಸೇನೆಯ ದಾಖಲೆಯನ್ನು, ಅದರಲ್ಲೂ ಸಿಪಾಯಿಯ ಜನ್ಮದಿನಾಂಕವನ್ನು, ತಿದ್ದಿಸುವುದು ಬಹಳ ಕಷ್ಟ. ಆದ್ದರಿಂದ ಸೇನೆಯಲ್ಲಿರುವ ರೂಪವನ್ನೇ ಮೂಲವೆಂದು ಹಿಡಿದು ಆಧಾರ್, ಬ್ಯಾಂಕ್, ಪಾನ್ ಮುಂತಾದವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ತಂದೆ ತಾಯಿಯರ ಹೆಸರಿನ ಕಾಗುಣಿತವನ್ನೂ ಅವನ ಕುಟುಂಬದವರ ವಿವರಗಳಿರುವ ಕಿಂಡ್ರೆಡ್ ರೋಲಿನಲ್ಲಿರುವಂತೆಯೇ ಇಟ್ಟುಕೊಳ್ಳಬೇಕು. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇರುವ ಮನೆಗಳು ಆ ಹೆಸರನ್ನು ಕರೆಯುವುದಕ್ಕಷ್ಟೇ ಬಳಸಿ, ಕಾಗದದಲ್ಲಿ ಆಕೆಯ ಶಾಲಾ ದಾಖಲೆಯ ಹೆಸರನ್ನೇ ಮುಂದುವರಿಸುವುದು ಲೇಸೆಂದು ನನ್ನ ಅಭಿಪ್ರಾಯ. ಈಗಾಗಲೇ ಬದಲಿಸಿದ್ದರೆ ಅಫಿಡವಿಟ್ ಮತ್ತು ರಾಜ್ಯಪತ್ರದ ಪ್ರಕಟಣೆಯ ಮೂಲಕ ಎರಡು ಹೆಸರೂ ಒಬ್ಬಳದ್ದೇ ಎಂದು ಸ್ಥಾಪಿಸಿ, ಅದರ ಪ್ರತಿಯನ್ನು ಯುನಿಟ್ಟಿಗೂ ಕಳುಹಿಸಬೇಕಾಗುತ್ತದೆ.

ಇನ್ನು ನಾಮನಿರ್ದೇಶನ. ಮನೆಯವರು ಮಾತನಾಡಲು ಹಿಂಜರಿಯುವ ವಿಷಯವಿದು, ಅಪಶಕುನ ಎಂದು ಎದ್ದು ಹೋಗುವವರೂ ಇದ್ದಾರೆ. ಆದರೂ ಸೇನೆ ಇದನ್ನು ಭರ್ತಿಯಾದ ಹೊಸತರಲ್ಲಿಯೇ ಬರೆಸಿಕೊಳ್ಳುತ್ತದೆ, ಆಗ ಹುಡುಗ ಸಹಜವಾಗಿ ತಾಯಿಯ ಹೆಸರನ್ನೋ ತಂದೆಯ ಹೆಸರನ್ನೋ ಕೊಡುತ್ತಾನೆ. ಮದುವೆಯಾದ ಮೇಲೆ ಹಳೆಯದು ತಾನಾಗಿಯೇ ಬದಲಾಗುತ್ತದೆಂದು ನಂಬಿ ಕೂರಬಾರದು. ಸೇನೆಯಿಂದ ಬರುವ ಹಣವೆಲ್ಲ ಒಂದೇ ಬಗೆಯದಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕುಟುಂಬ ಪಿಂಚಣಿ ಯಾರಿಗೆ ಎಂಬುದನ್ನು ನಿಯಮವೇ ನಿರ್ಧರಿಸುತ್ತದೆ: ವಿವಾಹಿತನಾಗಿದ್ದರೆ ಮೊದಲು ಪತ್ನಿಗೆ, ಆನಂತರ ಮಕ್ಕಳಿಗೆ, ಅವಿವಾಹಿತನಾಗಿದ್ದರೆ ತಂದೆ ತಾಯಿಯರಿಗೆ. ಸೇವೆಯ ಕಾರಣದಿಂದ ಸಾವು ಸಂಭವಿಸಿದಾಗ ಸಿಗುವ ವಿಶೇಷ ಕುಟುಂಬ ಪಿಂಚಣಿಯನ್ನು ಉಯಿಲಿನ ಮೂಲಕ ಬೇರೆಯವರಿಗೆ ಬರೆದುಕೊಡಲು ಬಾರದೆಂದು ಸುಪ್ರೀಂ ಕೋರ್ಟ್ 1980ರಲ್ಲಿಯೇ ಹೇಳಿದೆ. ಆರ್ಮಿ ಗ್ರೂಪ್ ಇನ್ಶೂರೆನ್ಸ್ ಮತ್ತು ಭವಿಷ್ಯನಿಧಿಯ ಹಣ ಮಾತ್ರ ಸಿಪಾಯಿ ಬರೆದುಕೊಟ್ಟ ನಾಮನಿರ್ದೇಶನವನ್ನು ನೋಡಿ ಸಂದಾಯವಾಗುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದ ಕಡೆ ಅತ್ತೆ ಸೊಸೆಯರ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯುತ್ತದೆ. ಪಿಂಚಣಿ ಸೊಸೆಗೆ ಹೋದದ್ದನ್ನು ಅನ್ಯಾಯವೆಂದು ತಾಯಿ ಭಾವಿಸುತ್ತಾಳೆ, ವಿಮೆಯ ಹಣ ತಾಯಿಗೆ ಹೋದದ್ದನ್ನು ಮೋಸವೆಂದು ಸೊಸೆ ಭಾವಿಸುತ್ತಾಳೆ. ಪಿಂಚಣಿ ಪತ್ನಿಗೆ ಹೋಗುವುದು ನಿಶ್ಚಿತವಾದ್ದರಿಂದ, ಮುಪ್ಪಿನ ತಂದೆ ತಾಯಿಯರಿಗೆ ಬೇರೆ ಆಧಾರವಿಲ್ಲದಿದ್ದರೆ ವಿಮೆಯಲ್ಲಿ ಅವರಿಗೂ ಒಂದು ಪಾಲು ನಮೂದಿಸಲು ಸಾಧ್ಯವೇ ಎಂದು ಯುನಿಟ್ಟಿನಲ್ಲಿ ವಿಚಾರಿಸಿ, ಮನೆಯಲ್ಲಿ ಎಲ್ಲರ ಮುಂದೆಯೇ ತೀರ್ಮಾನಿಸುವುದು ಒಳ್ಳೆಯದು. ಗುಟ್ಟಾಗಿ ಬರೆದ ಹೆಸರು ಸಾಮಾನ್ಯವಾಗಿ ಕೆಟ್ಟ ಹೊತ್ತಿನಲ್ಲಿಯೇ ಹೊರಬೀಳುತ್ತದೆ. ಅಗ್ನಿವೀರರಿಗೆ ಪಿಂಚಣಿ ಇಲ್ಲ, 48 ಲಕ್ಷ ರೂಪಾಯಿಯ ಜೀವವಿಮೆ ಇದೆ. ಆದ್ದರಿಂದ ಅವರ ವಿಷಯದಲ್ಲಿ ನಾಮನಿರ್ದೇಶನದ ಮಹತ್ವ ಇನ್ನೂ ಹೆಚ್ಚು. ಸಂಬಳದ ಖಾತೆ ಬ್ಯಾಂಕುಗಳು ಸೈನಿಕರಿಗಾಗಿ ಕೊಡುವ ಡಿಫೆನ್ಸ್ ಸ್ಯಾಲರಿ ಪ್ಯಾಕೇಜಿಗೆ ಸೇರಿದೆಯೇ ಎಂದೂ ವಿಚಾರಿಸಿ, ಏಕೆಂದರೆ ಅದರ ಅಪಘಾತ ವಿಮೆ ಸಾಮಾನ್ಯ ಉಳಿತಾಯ ಖಾತೆಗೆ ಸಿಗುವುದಿಲ್ಲ. ಆಸ್ತಿಗೆ ಸಂಬಂಧಿಸಿದಂತೆ ಉಯಿಲು ಬರೆಯುವುದಿದ್ದರೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಎಲ್ಲರಂತೆ ಕ್ರಮವಾಗಿಯೇ ಬರೆಯಬೇಕು.

ರಜೆಯ ನಿಯಮಗಳನ್ನು ಮನೆಯವರೂ ತಿಳಿದಿರಬೇಕು, ಏಕೆಂದರೆ ಇನ್ನೆರಡು ದಿನ ಇದ್ದು ಹೋಗು ಎಂಬ ಒತ್ತಾಯ ಮನೆಯಿಂದಲೇ ಬರುತ್ತದೆ. ಸಿಪಾಯಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಮತ್ತು 30 ದಿನ ಸಾಂದರ್ಭಿಕ ರಜೆ ಉಂಟು, ಅಗ್ನಿವೀರನಿಗೆ ವಾರ್ಷಿಕ ರಜೆ 30 ದಿನ. ಆದರೆ ಸೇವೆಯ ಅಗತ್ಯ ಬಿದ್ದರೆ ಮಧ್ಯದಲ್ಲಿಯೇ ಮರಳಿ ಕರೆಯಬಹುದು. ಅನುಮತಿಯಿಲ್ಲದೆ ಗೈರುಹಾಜರಾಗುವುದು 1950ರ ಸೇನಾ ಕಾಯ್ದೆಯ 39ನೇ ಕಲಂ ಪ್ರಕಾರ ಅಪರಾಧ. 30 ದಿನ ಕಳೆದರೆ ವಿಚಾರಣಾ ಮಂಡಳಿ ಕೂಡುತ್ತದೆ, ಹಿಡಿದು ಒಪ್ಪಿಸುವಂತೆ ಪೊಲೀಸರಿಗೂ ಪತ್ರ ಬರುತ್ತದೆ. ನಿಜವಾದ ತೊಂದರೆ ಎದುರಾದರೆ ರಜೆ ಮುಗಿಯುವ ಮುನ್ನವೇ ಯುನಿಟ್ಟಿಗೆ ಫೋನು ಮಾಡಿ ವಿಸ್ತರಣೆ ಕೇಳಬೇಕು, ಕೇಳಿದ್ದಕ್ಕೆ ಲಿಖಿತ ಸಾಕ್ಷ್ಯವೂ ಇರಬೇಕು. ಅವನೇ ಕಾಯಿಲೆ ಬಿದ್ದರೆ ಸಮೀಪದ ಮಿಲಿಟರಿ ಆಸ್ಪತ್ರೆಗೆ, ಅಂದರೆ ಬೆಳಗಾವಿ ಅಥವಾ ಬೆಂಗಳೂರಿಗೆ, ಹೋಗುವುದು ಕ್ರಮ. ತುರ್ತಿಗೆ ಊರಿನ ಆಸ್ಪತ್ರೆಯಲ್ಲಿ ಸೇರಿಸಿದರೆ ಆ ದಿನವೇ ಯುನಿಟ್ಟಿಗೆ ತಿಳಿಸಬೇಕು. ಖಾಸಗಿ ವೈದ್ಯರ ಚೀಟಿಯೊಂದೇ ರಜೆಯಾಗುವುದಿಲ್ಲ. ರಜಾ ಪತ್ರವನ್ನೂ ಪ್ರಯಾಣದ ಟಿಕೆಟ್ಟನ್ನೂ ಎಸೆಯಬೇಡಿ: ಬರುವಾಗಲೋ ಹೋಗುವಾಗಲೋ ದಾರಿಯಲ್ಲಿ ಅಪಘಾತವಾದರೆ, ಅದು ಸೇವೆಗೆ ಸಂಬಂಧಿಸಿದ್ದೇ ಎಂಬ ವಿಚಾರಣೆಯಲ್ಲಿ ಮೊದಲು ಕೇಳುವುದು ಇವನ್ನೇ, ಜೊತೆಗೆ ಎಫ್‌ಐಆರ್ ಅನ್ನು.

ಜಮೀನಿನ ವಿಷಯದಲ್ಲಿ ಕಾನೂನು ಸೈನಿಕನಿಗೆ ಕೆಲವು ಅನುಕೂಲಗಳನ್ನು ಕೊಟ್ಟಿದೆ, ಕೇಳದವರಿಗೆ ಅವು ಸಿಗುವುದಿಲ್ಲ. ಕರ್ನಾಟಕದಲ್ಲಿ 1961ರ ಭೂಸುಧಾರಣಾ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸಿದರೂ ಸೇವೆಯಲ್ಲಿರುವ ಸೈನಿಕನಿಗೆ ವಿನಾಯಿತಿ ಇಟ್ಟಿದೆ. ಗೇಣಿ ಕೊಡುವುದಾದರೆ ಕರಾರನ್ನು ಬರಹದಲ್ಲಿಯೇ ಮಾಡಿ, ಅದರಲ್ಲಿ ತಾನು ಸೇವೆಯಲ್ಲಿರುವ ಸೈನಿಕನೆಂದು ಸ್ಪಷ್ಟವಾಗಿ ನಮೂದಿಸಿ, ಯುನಿಟ್ಟಿನ ಸೇವಾ ಪ್ರಮಾಣಪತ್ರವನ್ನು ಲಗತ್ತಿಸಬೇಕು. ದಾವೆ ನಡೆಯುತ್ತಿದ್ದರೆ, ಆ ದಾವೆಗಾಗಿಯೇ ರಜೆ ಕೊಡಲಾಗಿದೆ ಎಂಬ ಪ್ರಮಾಣಪತ್ರವನ್ನು ಹಾಜರುಪಡಿಸಿದಲ್ಲಿ ನ್ಯಾಯಾಲಯ ಸಾಧ್ಯವಾದ ಮಟ್ಟಿಗೆ ಆ ರಜೆಯೊಳಗೇ ವಿಚಾರಣೆ ಮುಗಿಸಬೇಕೆಂದು ಸೇನಾ ಕಾಯ್ದೆಯ 32ನೇ ಕಲಂ ಹೇಳುತ್ತದೆ. ಗಡಿಯಲ್ಲಿದ್ದು ಹಾಜರಾಗಲು ಆಗದವನ ಬೆನ್ನ ಹಿಂದೆ ಏಕಪಕ್ಷೀಯ ತೀರ್ಪು ಬಾರದಂತೆ ತಡೆಯಲು 1925ರ ಭಾರತೀಯ ಸೈನಿಕರ ದಾವೆ ಕಾಯ್ದೆ ಇದೆ. ಪಕ್ಷಗಾರ ಸೈನಿಕನೆಂಬುದನ್ನು ಮನೆಯವರು ವಕೀಲರ ಮೂಲಕ ನ್ಯಾಯಾಲಯದ ಗಮನಕ್ಕೆ ತರಬೇಕು. ಅಣ್ಣತಮ್ಮಂದಿರಿಗೆ ಮುಕ್ತಾರು ಪತ್ರ ಬರೆದುಕೊಡುವಾಗ ಪೌತಿ ಖಾತೆ, ಸರ್ವೆ, ಬೆಳೆ ಪರಿಹಾರ ಎಂದು ಕೆಲಸವನ್ನು ಹೆಸರಿಸಿ ಬರೆಯಿರಿ. ಎಲ್ಲ ಅಧಿಕಾರವನ್ನೂ ಒಟ್ಟಿಗೆ ಕೊಟ್ಟ ಪತ್ರ ಅಣ್ಣತಮ್ಮಂದಿರ ಸಂಬಂಧವನ್ನು ಉಳಿಸಿದ್ದು ಕಡಿಮೆ.

ತಂದೆ ತಾಯಿಯರಿಗೆ ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆ ಬೇಕಿದ್ದರೆ ಅವರೂ ಅವಲಂಬಿತರೆಂದು ದಾಖಲಾಗಿರಬೇಕು. ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿಯೊಳಗಿರಬೇಕಾದ್ದರಿಂದ ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕ್ಯಾಂಟೀನ್ ಕಾರ್ಡಿನ ಸಾಮಾನು ಮನೆ ಬಳಕೆಗೆ ಮಾತ್ರ. ನೆರೆಯವರಿಗೆ ಮಾರಿದರೆ ಉತ್ತರ ಕೊಡಬೇಕಾದವನು ಸಿಪಾಯಿ.

ಕಾಗದಗಳನ್ನು ಅಂಚೆಯಲ್ಲಿ ಕಳುಹಿಸುವಾಗ ಆರ್ಮಿ ನಂಬರ್, ದರ್ಜೆ, ಹೆಸರು, ಯುನಿಟ್, 9ರಿಂದ ಆರಂಭವಾಗುವ ಪಿನ್ ಕೋಡ್ ಮತ್ತು ಅವನು ತಿಳಿಸಿದಂತೆ 56 ಎಪಿಒ ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿ) ಎಂದಷ್ಟೇ ಬರೆಯಬೇಕು. ಊರಿನ ಹೆಸರನ್ನಾಗಲಿ ರಾಜ್ಯದ ಹೆಸರನ್ನಾಗಲಿ ಸೇರಿಸಬಾರದು, ಯುನಿಟ್ ಇರುವ ಜಾಗವನ್ನು ವಾಟ್ಸಾಪ್ ಸ್ಟೇಟಸ್ಸಿನಲ್ಲಿಯೂ ಹಾಕಬಾರದು. ಮೂಲ ಪ್ರತಿಗಳನ್ನು ಅಂಚೆಗೆ ಹಾಕದೆ ದೃಢೀಕರಿಸಿದ ನಕಲುಗಳನ್ನೇ ಕಳುಹಿಸಿ. ಯುನಿಟ್ಟಿನಿಂದ ಉತ್ತರ ಬಾರದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ನಿಮ್ಮ ಜಿಲ್ಲೆಯಲ್ಲಿ ಅದು ಇಲ್ಲದಿದ್ದರೆ ಪಕ್ಕದ ಜಿಲ್ಲೆಯ ಕಚೇರಿ ನೋಡಿಕೊಳ್ಳುತ್ತದೆ. ರೆಕಾರ್ಡ್ ಆಫೀಸಿಗೆ ಯಾವ ಒಕ್ಕಣೆಯಲ್ಲಿ ಬರೆಯಬೇಕೆಂಬುದು ಅಲ್ಲಿನವರಿಗೆ ತಿಳಿದಿರುತ್ತದೆ, ಅದಕ್ಕಾಗಿ ಮಧ್ಯವರ್ತಿಗಳಿಗೆ ಹಣ ಕೊಡುವ ಅಗತ್ಯವಿಲ್ಲ. ಹೋಗುವಾಗ ಆರ್ಮಿ ನಂಬರ್ ಬರೆದಿಟ್ಟ ಹಾಳೆ, ಆರ್ಡರಿನ ಸಂಖ್ಯೆ ಮತ್ತು ಹಿಂದೆ ಕಳುಹಿಸಿದ ಪತ್ರಗಳ ನಕಲು ಜೊತೆಯಲ್ಲಿರಲಿ.